ಲೈಟ್ ಆಮೇಲೆ ನೋಡೋಣ, ಮೊದಲು ಉಪ್ಪು ಅಳೆಯಿರಿ

ಚಿಕ್ಕ ರೀಫ್ ಟ್ಯಾಂಕ್, ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಡಬೇಕು ಅಂತ ಯಾರೇ ನನ್ನ ಹತ್ತಿರ ಬಂದರೂ ಮೊದಲ ಪ್ರಶ್ನೆ ಲೈಟಿನದ್ದೇ. ಯಾವ ಕಂಪನಿಯದು, ಎಷ್ಟು ವ್ಯಾಟ್, ಮೊಬೈಲಿನಿಂದ ಬಣ್ಣ ಬದಲಾಯಿಸಬಹುದಾ? ನೀಲಿ ಬೆಳಕಿನಲ್ಲಿ ಹವಳ ಹೊಳೆಯುವುದನ್ನು ನೋಡಿಯೇ ಅಲ್ವಾ ನಾವೆಲ್ಲ ಈ ಹುಚ್ಚಿಗೆ ಬಿದ್ದದ್ದು. ಆದರೂ ನನ್ನ ಮಾತು ಇಷ್ಟೇ: ಕಣ್ಣಿಗೆ ಚಂದ ಕಾಣದ ಸಾಮಾನುಗಳಿಗೆ ಮೊದಲು ದುಡ್ಡು ಎತ್ತಿಡಿ. ಉಪ್ಪು ಅಳೆಯುವ ಉಪಕರಣ, ಹೀಟರ್ ಕಂಟ್ರೋಲರ್, ಆವಿಯಾದಷ್ಟು ನೀರು ತುಂಬುವ ಪುಟ್ಟ ಪಂಪು. ಲೈಟಿಗೆ ಉಳಿದದ್ದು.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ನನ್ನ ಟ್ಯಾಂಕ್ 75 ಲೀಟರಿನದು. ಕಲ್ಲು, ಮರಳು ಹಾಕಿದ ಮೇಲೆ ಅದರಲ್ಲಿ ಹಿಡಿಯುವ ನೀರು ಸುಮಾರು 65 ಲೀಟರ್. ದಿನಕ್ಕೆ ಒಂದು ಲೀಟರ್ ಆವಿಯಾಯಿತು ಅಂತಿಟ್ಟುಕೊಳ್ಳಿ. ಹೋಗುವುದು ಬರೀ ನೀರು. ಉಪ್ಪು ಒಳಗೇ ಉಳಿಯುತ್ತದೆ. ಸಾವಿರಕ್ಕೆ 35 ಭಾಗ ಇದ್ದ ಉಪ್ಪು, ವಾರವಿಡೀ ನೀರು ಹಾಕದಿದ್ದರೆ 39 ದಾಟುತ್ತದೆ. ಹವಳಕ್ಕೆ ಇದು ಸಣ್ಣ ಏರಿಕೆಯಲ್ಲ. ದೊಡ್ಡ ಟ್ಯಾಂಕಿನಲ್ಲಿ ಇಂಥ ಎಡವಟ್ಟು ನಿಧಾನವಾಗಿ ಆಗುತ್ತದೆ, ಗಮನಿಸಿ ಸರಿಪಡಿಸಲು ಸಮಯ ಸಿಗುತ್ತದೆ. ಚಿಕ್ಕದರಲ್ಲಿ ಆ ಸಮಯ ಇಲ್ಲ. ಚಿಕ್ಕ ಟ್ಯಾಂಕ್ ಸಾಕುವುದು ಸುಲಭ ಅನ್ನುವವರ ಮಾತು ಕೇಳಬೇಡಿ. ಜಾಗ ಕಡಿಮೆ ಸಾಕು, ಖರ್ಚು ಕಡಿಮೆ, ಅಷ್ಟೇ.

ಹಾಗಾಗಿ ಮೊದಲ ಟ್ಯಾಂಕ್ 60ರಿಂದ 100 ಲೀಟರಿನ ಒಳಗೆ ಇರಲಿ. ಮೇಜಿನ ಮೇಲಿಡುವ 20 ಲೀಟರಿನ ಗಾಜಿನ ಡಬ್ಬ ನೋಡಲು ಮುದ್ದಾಗಿರುತ್ತದೆ, ಆದರೆ ಅದು ಅನುಭವ ಇರುವವರಿಗೆ. ಹಿಂಭಾಗದಲ್ಲಿ ಅಡ್ಡ ಗೋಡೆ ಹಾಕಿ ಫಿಲ್ಟರಿಗೆ ಕೋಣೆ ಮಾಡಿರುವ ಆಲ್-ಇನ್-ಒನ್ ಟ್ಯಾಂಕ್ ಆದರೆ ಒಳ್ಳೆಯದು. ಹೀಟರ್, ಪಂಪು ಎಲ್ಲ ಅಲ್ಲಿ ಮರೆಯಾಗುತ್ತವೆ. ಇನ್ನೊಂದು ಲಾಭವೂ ಇದೆ. ನೀರು ಆವಿಯಾದಾಗ ಮುಂದಿನ ಭಾಗದ ಮಟ್ಟ ಇಳಿಯುವುದಿಲ್ಲ, ಪಂಪು ಇರುವ ಕೊನೆಯ ಕೋಣೆಯ ಮಟ್ಟ ಮಾತ್ರ ಇಳಿಯುತ್ತದೆ. ನೀರಿನ ಮಟ್ಟ ನೋಡುವ ಸೆನ್ಸರ್ ಕೂರಿಸಲು ಅದೇ ಸರಿಯಾದ ಜಾಗ. ಕೆಳಗೆ ಬೇರೆ ಸಂಪ್ (ಫಿಲ್ಟರ್ ಸಾಮಾನು ಇಡುವ ಎರಡನೇ ತೊಟ್ಟಿ) ಇಡುವ ಯೋಚನೆ ಸದ್ಯಕ್ಕೆ ಬಿಡಿ. ಸ್ಟ್ಯಾಂಡ್ ಮಾತ್ರ ಗಟ್ಟಿ ಇರಲಿ, ಮಟ್ಟವಾಗಿರಲಿ. ನೀರು, ಕಲ್ಲು, ಮರಳು, ಗಾಜು ಸೇರಿ ಹತ್ತಿರ ಹತ್ತಿರ 100 ಕಿಲೋ ತೂಗುತ್ತದೆ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು, ಫಾಸ್ಫೇಟ್, ಸಿಲಿಕೇಟ್, ತಾಮ್ರದ ಅಂಶ ಇರಬಹುದು. ಸಿಲಿಕೇಟ್ ಇದ್ದರೆ ಗಾಜಿನ ಮೇಲೆಲ್ಲ ಕಂದು ಪಾಚಿ ಕಟ್ಟುತ್ತದೆ. ತಾಮ್ರವಂತೂ ಬಸವನಹುಳು, ಸೀಗಡಿ, ಹವಳ ಎಲ್ಲಕ್ಕೂ ವಿಷ. ಆರ್‌ಓ ಜೊತೆಗೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ರಾಳದ ಕಣಗಳು) ಇರುವ ಯಂತ್ರವೇ ಬೇಕು. ನೀರಿನಲ್ಲಿ ಕರಗಿದ ಅಂಶ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ಆರ್‌ಓ ಸಾಲದಾ ಅಂತ ಕೇಳುತ್ತಾರೆ. ಸಾಲದು. ರುಚಿಗೆ ಅಂತ ಕೆಲವು ಯಂತ್ರಗಳು ಖನಿಜಗಳನ್ನು ಮತ್ತೆ ಸೇರಿಸುತ್ತವೆ. ಉಪ್ಪಿನ ಪುಡಿಯನ್ನು ಬೇರೆ ಬಕೆಟ್ಟಿನಲ್ಲಿ, ಪಂಪು ಹಾಕಿ ತಿರುಗಿಸಿ ಕರಗಿಸಿ. ಟ್ಯಾಂಕಿನೊಳಗೆ ನೇರವಾಗಿ ಸುರಿಯಬೇಡಿ.

ಉಪ್ಪು ಅಳೆಯಲು ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಅಗ್ಗಕ್ಕೆ ಸಿಗುತ್ತದೆ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಸಾಕು, ಅಳತೆ ತಪ್ಪುತ್ತದೆ. ನಾನು ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಉಪಕರಣ) ಬಿಟ್ಟು ಬೇರೆ ನಂಬುವುದಿಲ್ಲ. ಅದನ್ನೂ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಸುಮ್ಮನಾಗಬೇಡಿ. 35ರ ಕ್ಯಾಲಿಬ್ರೇಷನ್ ದ್ರಾವಣ ಒಂದು ಬಾಟಲಿ ತಂದಿಟ್ಟುಕೊಳ್ಳಿ. ನಮಗೆ ಬೇಕಾದ ಅಳತೆ ಅದೇ ಆದ್ದರಿಂದ ಅಲ್ಲಿಯೇ ಸರಿಯಿದೆಯಾ ಅಂತ ನೋಡಬೇಕು. 25 ಡಿಗ್ರಿಯಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಳತೆ) 1.026 ಬಂದರೆ ಸರಿ.

ಈಗ ಹೀಟರ್. ಈ ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ಅನುಮಾನ ಇರುವ ಸಾಮಾನು ಇದು. ಹೀಟರ್ ಕೆಟ್ಟು ಆಫ್ ಆದರೆ ನೀರು ನಿಧಾನವಾಗಿ ತಣ್ಣಗಾಗುತ್ತದೆ, ಅಷ್ಟರಲ್ಲಿ ನಿಮಗೆ ಗೊತ್ತಾಗುತ್ತದೆ. ಒಳಗಿನ ಥರ್ಮೋಸ್ಟಾಟಿನ ಸಂಪರ್ಕ ಅಂಟಿಕೊಂಡು ಆನ್ ಆಗಿಯೇ ಉಳಿದರೆ? ಮೀನು, ಹವಳ ಎಲ್ಲ ಬೆಂದೇ ಹೋಗುತ್ತವೆ. ಅದಕ್ಕೆ ಎರಡು ಬಂದೋಬಸ್ತು. ಒಂದು, ಬೇಕಾದ್ದಕ್ಕಿಂತ ದೊಡ್ಡ ಹೀಟರ್ ತರಬೇಡಿ. ನನ್ನ ಅಳತೆಯ ಟ್ಯಾಂಕಿಗೆ 75 ವ್ಯಾಟ್ ಸಾಕು, ಕೋಣೆ ತುಂಬಾ ತಣ್ಣಗಿದ್ದರೆ 100. ಇನ್ನೂರರದು ಹಾಕಿದರೆ ಕೆಟ್ಟ ದಿನ ಅದು ಅಷ್ಟೇ ಬೇಗ ನೀರು ಕಾಯಿಸುತ್ತದೆ. ಎರಡು, ಹೊರಗಿನ ಕಂಟ್ರೋಲರ್ ಬೇಕೇ ಬೇಕು. ಅದರ ಸೆನ್ಸರ್ ನೀರಿನಲ್ಲಿರುತ್ತದೆ, ಹೀಟರಿನ ಪ್ಲಗ್ ಅದರ ಮೂಲಕ ಹೋಗುತ್ತದೆ. ಹೀಟರನ್ನೇ 26.5ಕ್ಕೆ ಇಟ್ಟು, ಕಂಟ್ರೋಲರನ್ನು 25.5ಕ್ಕೆ ಇಡಿ. ದಿನನಿತ್ಯದ ಕೆಲಸ ಕಂಟ್ರೋಲರಿನದು. ಅದು ಕೈಕೊಟ್ಟರೆ ಹೀಟರಿನ ಸ್ವಂತ ಥರ್ಮೋಸ್ಟಾಟ್ ತಡೆಯುತ್ತದೆ. ಎರಡೂ ಒಟ್ಟಿಗೆ ಕೆಡುವುದು ಅಪರೂಪ.

ಸೆಕೆ ಜಾಸ್ತಿ ಇರುವ ಕೋಣೆಯಾದರೆ ನೀರು ತಂಪು ಮಾಡುವ ಚಿಲ್ಲರ್ ತರುವ ಮೊದಲು ಒಂದು ಸಣ್ಣ ಫ್ಯಾನ್ ಹಾಕಿ ನೋಡಿ. ನೀರಿನ ಮೇಲ್ಮೈಗೆ ಗಾಳಿ ತಾಗಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದೂ ಹೆಚ್ಚುತ್ತದೆ, ಮತ್ತೆ ಉಪ್ಪಿನ ಮಾತಿಗೇ ಬಂದೆವು.

ಅಲ್ಲಿ ಕೆಲಸಕ್ಕೆ ಬರುವುದು ಎಟಿಓ. ನೀರಿನ ಮಟ್ಟ ಇಳಿದಾಗ ತಾನಾಗಿ ಸಿಹಿನೀರು ತುಂಬುವ ವ್ಯವಸ್ಥೆ. ಉಪ್ಪುನೀರಲ್ಲ, ಶುದ್ಧ ಆರ್‌ಓ ಡಿಐ ನೀರು. ತೇಲುವ ಸ್ವಿಚ್ಚಿನದು ಬೇಡ ಅಂತಲ್ಲ, ಆದರೆ ಬಸವನಹುಳು ಅದರ ಮೇಲೆ ಹತ್ತಿ ಕುಳಿತರೆ ಸ್ವಿಚ್ ಅಲುಗಾಡುವುದಿಲ್ಲ. ಆಪ್ಟಿಕಲ್ ಸೆನ್ಸರ್ ಇದ್ದು, ಜೊತೆಗೆ ಅಪಾಯದ ಮಟ್ಟಕ್ಕೆ ಇನ್ನೊಂದು ಸೆನ್ಸರ್ ಇರುವುದನ್ನು ಹುಡುಕಿ. ತುಂಬುವ ನೀರಿನ ಕ್ಯಾನ್ ದೊಡ್ಡದಿದ್ದರೆ ಒಳ್ಳೆಯದು ಅಂತ ಅನಿಸುತ್ತದೆ. ನಾನು 5 ಲೀಟರಿನದನ್ನೇ ಇಟ್ಟಿದ್ದೇನೆ. ಪಂಪು ನಿಲ್ಲದೆ ಪೂರ್ತಿ ಸುರಿದುಬಿಟ್ಟರೂ ಉಪ್ಪು 35ರಿಂದ 32.5ಕ್ಕೆ ಇಳಿಯುತ್ತದೆ. ಕಷ್ಟ, ಆದರೆ ತಡೆದುಕೊಳ್ಳಬಹುದು. ಇಪ್ಪತ್ತು ಲೀಟರ್ ಸುರಿದರೆ ನೆಲವೂ ಒದ್ದೆ, ಹವಳವೂ ಇಲ್ಲ. ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗದಂತೆ ಕಟ್ಟಿ, ಕ್ಯಾನನ್ನು ಟ್ಯಾಂಕಿಗಿಂತ ಕೆಳಗಿಡಿ. ಇಲ್ಲದಿದ್ದರೆ ಪಂಪು ಆಫ್ ಆದರೂ ಸೈಫನ್ ಆಗಿ ನೀರು ಹರಿಯುತ್ತಲೇ ಇರುತ್ತದೆ.

ನೀರಿನ ಓಟಕ್ಕೆ ಒಂದು ದೊಡ್ಡ ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪು) ಬದಲು ಎರಡು ಚಿಕ್ಕವು ಮೇಲು. ಮೆತ್ತನೆಯ ಹವಳಗಳಿಗೆ ಗಂಟೆಗೆ ಟ್ಯಾಂಕಿನ ನೀರಿನ 15-20 ಪಟ್ಟು ಸುತ್ತಿದರೆ ಸಾಕು, ಅಂದರೆ ಒಟ್ಟು 1000-1300 ಲೀಟರ್. ವೇಗ ಬದಲಾಯಿಸಬಹುದಾದ ಡಿಸಿ ಪಂಪು ತನ್ನಿ.

ಸ್ಕಿಮ್ಮರ್, ಅಂದರೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರದ ವಿಷಯದಲ್ಲಿ ನನ್ನ ಜೊತೆ ಜಗಳ ಆಡುವವರಿದ್ದಾರೆ. ಈ ಗಾತ್ರಕ್ಕೆ ಅದು ಬೇಡ ಅನ್ನುವುದು ನನ್ನ ಹಟ. ವಾರಕ್ಕೆ 10 ಪರ್ಸೆಂಟ್, ಅಂದರೆ ಆರೇಳು ಲೀಟರ್ ನೀರು ಬದಲಾಯಿಸಿದರೆ, ಎರಡು ಪುಟ್ಟ ಮೀನಿನ ಕೊಳೆ ಹೊರಗೆ ಹೋಗುತ್ತದೆ. 1961ರಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬುವರು ಲೈವ್ ರಾಕ್ (ಬ್ಯಾಕ್ಟೀರಿಯಾ, ಪುಟ್ಟ ಜೀವಿಗಳಿರುವ ಸಮುದ್ರದ ಕಲ್ಲು), ಬಿಸಿಲು, ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕುವ ಬಗೆ ಬರೆದಿದ್ದರು. ಹಿಂದಿನ ಕೋಣೆಯಲ್ಲಿ ಒಂದು ತುಂಡು ಫಿಲ್ಟರ್ ಹತ್ತಿ ಇಡಿ, ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ. ಸ್ಕಿಮ್ಮರಿನ ದುಡ್ಡಿಗೆ ಅಲ್ಕಲಿನಿಟಿ (ಹವಳ ಬೆಳೆಯಲು ಬೇಕಾದ ಕಾರ್ಬೊನೇಟಿನ ಅಳತೆ), ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಕಿಟ್ ಬರುತ್ತವೆ. ಶುರುವಿಗೆ ಅಮೋನಿಯಾ ಕಿಟ್ ಕೂಡ ಬೇಕು, ಒಣ ಕಲ್ಲು ಹಾಕಿ ಶುರು ಮಾಡಿದರೆ ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾ ಬೆಳೆದು ಟ್ಯಾಂಕ್ ಹದಕ್ಕೆ ಬರಲು ನಾಲ್ಕಾರು ವಾರ ಹಿಡಿಯುತ್ತದೆ.

ಇನ್ನು ಲೈಟ್. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಅವಕ್ಕೆ ಮುಖ್ಯವಾಗಿ ಬೇಕಿರುವುದು 420ರಿಂದ 460 ನ್ಯಾನೋಮೀಟರಿನ ನೀಲಿ. ಜೋವಾಂತಿಡ್, ಮಶ್ರೂಮ್, ಹ್ಯಾಮರ್ ಥರದ ಹವಳಗಳಿಗೆ 50ರಿಂದ 150 ಪಾರ್ (ಪಾಚಿಗಳು ಬಳಸಬಲ್ಲ ಬೆಳಕಿನ ಅಳತೆ) ಸಾಕು. ಚಿಕ್ಕ ಟ್ಯಾಂಕಿಗೆ ಅಂತಲೇ ಮಾಡಿದ ಸಾಧಾರಣ ಎಲ್‌ಇಡಿಯಲ್ಲೇ ಇಷ್ಟು ಸಿಗುತ್ತದೆ. 200ಕ್ಕಿಂತ ಮೇಲೆ ಕೇಳುವುದು ಅಕ್ರೋಪೊರಾ, ಅದು ಹೊಸಬರ ಹವಳವೇ ಅಲ್ಲ. ಹೊಸಬರ ಟ್ಯಾಂಕಿನಲ್ಲಿ ಬೆಳಕು ಅತಿಯಾಗಿ ಹವಳ ಬಿಳಿಚಿಕೊಳ್ಳುವುದನ್ನೇ ನಾನು ಜಾಸ್ತಿ ನೋಡಿರುವುದು. 30 ಪರ್ಸೆಂಟಿನಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಿ. ದಿನಕ್ಕೆ ಎಂಟೊಂಬತ್ತು ಗಂಟೆ. ಮಿಂಚು, ಮೋಡ ತೋರಿಸುವ ಆಟಗಳು ನಮ್ಮ ಖುಷಿಗೆ.

ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ವೈರಿನ ಮೇಲೆ ಇಳಿದ ಉಪ್ಪುನೀರು ಸಾಕೆಟ್ ಸೇರದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಇರಲೇಬೇಕು. ಕರೆಂಟ್ ಹೋದಾಗ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪು ಒಂದಿರಲಿ, ಯಾಕೆಂದರೆ ನೀರು ನಿಂತರೆ ಮೊದಲು ಕಡಿಮೆಯಾಗುವುದು ಆಮ್ಲಜನಕ.

ಸೆಕೆಂಡ್ ಹ್ಯಾಂಡ್ ತರಬಹುದಾ? ಪಂಪು ತರಬಹುದು, ತಿರುಗುತ್ತಿದೆಯಾ ಅಂತ ಅಲ್ಲೇ ನೀರಿಗೆ ಹಾಕಿ ನೋಡಿ. ಲೈಟ್ ಕೂಡ ಸರಿ. ಹೀಟರ್ ಮಾತ್ರ ಯಾರು ಸುಮ್ನೆ ಕೊಟ್ಟರೂ ಬೇಡ. ಟ್ಯಾಂಕ್ ಮತ್ತು ಕಲ್ಲು ತರುವ ಮೊದಲು ಅದರಲ್ಲಿ ಮೀನಿಗೆ ತಾಮ್ರದ ಔಷಧಿ ಹಾಕಿದ್ದರಾ ಅಂತ ಕೇಳಿ. ಕಲ್ಲು ತಾಮ್ರವನ್ನು ಹೀರಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹೌದು ಅಂದರೆ, ಅಥವಾ ಉತ್ತರ ಕೊಡಲು ತಡವರಿಸಿದರೆ, ಬೇರೆ ಟ್ಯಾಂಕ್ ಹುಡುಕಿ.