ಅಪ್ಪನ ಹೆಬ್ಬೆರಳು

ಅಪ್ಪನ ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಐವತ್ತು ವರ್ಷ ಅಡಿಕೆ ಸುಲಿದ ಕೈ ಅದು. ರೇಷನ್ ಅಂಗಡಿಯ ಯಂತ್ರ ಒಂದೇ ಸಲಕ್ಕೆ ಅವರ ಬೆರಳನ್ನು ಒಪ್ಪಿದ್ದು ನಾನು ನೋಡಿಲ್ಲ. ಪಂಚೆಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತಬೇಕು. ಅದೇ ಬೆರಳಿನ ಅಚ್ಚಿನಿಂದ ಯಾರೋ ಅವರ ಖಾತೆಯಿಂದ ಹತ್ತು ಸಾವಿರ ರೂಪಾಯಿ ತೆಗೆದರು.

ಮೆಸೇಜು ಬಂದದ್ದು ಶುಕ್ರವಾರ. ಕೀಪ್ಯಾಡ್ ಫೋನು, ಇಂಗ್ಲಿಷ್ ಅಕ್ಷರ. ಅಪ್ಪ ಅದನ್ನು ಕಂಪನಿ ಮೆಸೇಜು ಅಂದುಕೊಂಡು ಬಿಟ್ಟಿದ್ದರು. ಭಾನುವಾರ ಊರಿಗೆ ಹೋದಾಗ ನನ್ನ ಕಣ್ಣಿಗೆ ಬಿತ್ತು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಸೋಮವಾರ ಬಾಗಿಲು ತೆಗೆಯುವ ಮೊದಲೇ ಬ್ಯಾಂಕಿನ ಮುಂದೆ ನಿಂತಿದ್ದೆವು.

"ಒಟಿಪಿ ಯಾರಿಗಾದ್ರೂ ಹೇಳಿರ್ತೀರಿ ಅಜ್ಜಾ" ಅಂದರು ಕೌಂಟರಿನವರು. ಅಪ್ಪ ತಲೆ ತಗ್ಗಿಸಿದರು. ಮಾಡದ ತಪ್ಪಿಗೆ ಅವರು ಹಾಗೆ ನಿಂತದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆಧಾರ್ ಮೇಲೆ ಹಣ ತೆಗೆಯುವ ಎಇಪಿಎಸ್‌ಗೆ ಒಟಿಪಿಯೂ ಬೇಡ, ಪಿನ್ನೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಕಾಗದದ ಮೇಲಿನ ಹೆಬ್ಬೆಟ್ಟನ್ನು ಎತ್ತಿ ಸಿಲಿಕೋನ್‌ನಲ್ಲಿ ಅಚ್ಚು ಹಾಕುವವರಿದ್ದಾರೆ. ಅಪ್ಪ ಎಷ್ಟು ಕಡೆ ಆಧಾರ್ ಜೆರಾಕ್ಸ್ ಕೊಟ್ಟಿಲ್ಲ, ಎಷ್ಟು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಲ್ಲ! ಕೇಳಿದಲ್ಲೆಲ್ಲ ಕೊಟ್ಟರು. ಕೊಡದಿದ್ದರೆ ಕೆಲಸವಾಗುತ್ತಿತ್ತೇ?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರತಿ ನನ್ನ ಜೇಬಿನಲ್ಲಿತ್ತು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆಯಿಲ್ಲ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ಹಾಕಬೇಕು. ಮ್ಯಾನೇಜರ್ ಎರಡು ಸಲ ಓದಿದರು. ದೂರಿನ ಪ್ರತಿಗೆ ಸೀಲು ಬಿತ್ತು. ಹಣವೂ ಬಂತು, ಆದರೆ ತಿಂಗಳು ದಾಟಿತ್ತು, ನಾಲ್ಕು ಸಲ ಓಡಾಡಿದ್ದೆವು.

ಆ ದಿನಗಳಲ್ಲೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಕೂತು ಓದಿದೆ. ನಮ್ಮ ಮಾಹಿತಿಯನ್ನು ಸರಿಯಾಗಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಮಾತು ಅದರಲ್ಲಿಲ್ಲ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಪಾಸ್‌ವರ್ಡ್ ಸೋರಿದರೆ ಬದಲಿಸಿಕೊಳ್ಳುತ್ತೇನೆ. ಅಪ್ಪನಿಗೆ ಬೇರೆ ಹೆಬ್ಬೆರಳನ್ನು ಎಲ್ಲಿಂದ ತರಲಿ?

ಆ ಭಾನುವಾರವೇ ಎಂಆಧಾರ್ ಆ್ಯಪ್‌ನಲ್ಲಿ ಅವರ ಬಯೋಮೆಟ್ರಿಕ್‌ಗೆ ಬೀಗ ಹಾಕಿದ್ದೆ. ಆಧಾರ್‌ಗೆ ಕೊಟ್ಟಿದ್ದು ನನ್ನ ನಂಬರು, ಹಾಗಾಗಿ ಬೀಗದ ಕೈ ನನ್ನ ಹತ್ತಿರ. ಈಗ ತಿಂಗಳಿಗೊಮ್ಮೆ ರೇಷನ್ ಅಂಗಡಿಯಿಂದ ಫೋನ್ ಬರುತ್ತದೆ: "ತೆಗೀ ಮಗಾ, ನನ್ನ ಸರದಿ ಬಂತು." ಹತ್ತು ನಿಮಿಷದ ಮಟ್ಟಿಗೆ ಬೀಗ ತೆಗೆಯುತ್ತೇನೆ. ಅಪ್ಪ ಫೋನ್ ಇಡುವುದಿಲ್ಲ. ಪಂಚೆಗೆ ಬೆರಳು ಒರೆಸುವುದು, ಊದುವುದು ಕೇಳಿಸುತ್ತದೆ. ಯಂತ್ರ ಒಪ್ಪುವವರೆಗೂ ನಾನು ಫೋನ್ ಹಿಡಿದು ಕೂತಿರುತ್ತೇನೆ.