ಕಾಕಾ ಜೊತೆ ಥೇಮ್ಸ್ ದಂಡೆಯಲ್ಲಿ ಒಂದು ಪೂರ್ತಿ ದಿನ

ಕಲಬುರಗಿಯಿಂದ ಯಾರೇ ಲಂಡನ್‌ಗೆ ಬಂದರೂ ನಾನು ಮೊದಲು ಅರಮನೆ ತೋರಿಸುವುದಿಲ್ಲ. ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಕರೆದುಕೊಂಡು ಹೋಗುತ್ತೇನೆ. ಒಂದು ಸಿನಿಮಾ, ಒಳ್ಳೆ ಊಟ, ಸಂಜೆ ನಾಟಕ. ಎಲ್ಲಾ ನಡೆದುಕೊಂಡೇ ಆಗುತ್ತದೆ. ಈ ಬೇಸಿಗೆಯಲ್ಲಿ ನಮ್ಮ ಕಾಕಾ ಬಂದಿದ್ದರು. ಶರಣಬಸವೇಶ್ವರ ಜಾತ್ರೆಯ ಕಂಪನಿ ನಾಟಕ ನೋಡುತ್ತಾ ಬೆಳೆದವರು. ರಾತ್ರಿಯೆಲ್ಲಾ ಟೆಂಟಿನಲ್ಲಿ ಕೂತು ಬೆಳಿಗ್ಗೆ ನೇರ ಹೊಲಕ್ಕೆ ಹೋದವರು. ಅಂಥವರನ್ನು ಗಡಿಬಿಡಿಯಲ್ಲಿ ಹತ್ತು ಕಡೆ ಓಡಾಡಿಸುವುದು ನನಗೆ ಬೇಡವಾಗಿತ್ತು.

ಶುರು ಮಾಡಿದ್ದು ಬಸವಣ್ಣನಿಂದ. ಲ್ಯಾಂಬೆತ್‌ನಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎನ್ನುವ ನದಿ ದಂಡೆಯ ಮೇಲೆ ಬಸವಣ್ಣನ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅದರ ಹಿಂದೆ ಓಡಾಡಿದವರು ನಮ್ಮ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ. ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಕಾಕಾ ಬೂಟು ಬಿಚ್ಚಿ ಕೈ ಮುಗಿದರು. "ನಮ್ಮ ಕಡಿ ಮಂದಿ ಎಲ್ಲಿ ತನಕ ಬಂದಾರ ನೋಡು" ಅಂತ ಬಹಳ ಹೊತ್ತು ಅಲ್ಲೇ ನಿಂತರು.

ಅಲ್ಲಿಂದ ದಂಡೆ ಹಿಡಿದು ನಿಧಾನ ನಡೆದರೆ ವಾಟರ್‌ಲೂ ಸೇತುವೆ. ಅದರ ಕೆಳಗೆ ಹಳೆ ಪುಸ್ತಕಗಳ ಸಾಲು ಮೇಜುಗಳು, ಪಕ್ಕದಲ್ಲೇ ಬಿಎಫ್ಐ ಸೌತ್‌ಬ್ಯಾಂಕ್. ಹೊಸ ಸಿನಿಮಾಗಳ ಜೊತೆ ಜಗತ್ತಿನ ಹಳೆ ಸಿನಿಮಾಗಳನ್ನೂ ದೊಡ್ಡ ಪರದೆ ಮೇಲೆ ಹಾಕುವ ಜಾಗ ಇದು. ದುಡ್ಡು ಕೊಡದೆ ಹಳೆ ಚಿತ್ರಗಳನ್ನು ನೋಡಲು ಅಲ್ಲೇ ಒಂದು ಕೋಣೆಯೂ ಇದೆ. ಗೋಡೆಯ ಪೋಸ್ಟರ್ ನೋಡಿದ ಕೂಡಲೇ ಕಾಕಾಗೆ ಎಸ್.ಎಂ. ಪಂಡಿತ್ ನೆನಪಾದರು. ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು ಹೆಸರಾದ ಚಿತ್ರಕಾರ. ನಮ್ಮೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಅಲ್ಲಿ ನಾಟಕ ನೋಡಿದ ಎಷ್ಟು ಹುಡುಗರಿಗೆ ಇದು ಗೊತ್ತಿದೆಯೋ!

ನಾವು ನೋಡಿದ್ದು ಜಪಾನಿನ ಒಂದು ಕಪ್ಪು ಬಿಳುಪು ಚಿತ್ರ. ಇಲ್ಲಿ ಸಿನಿಮಾ ನಡುವೆ ಇಂಟರ್‌ವಲ್ ಇಲ್ಲ. ಕಾಕಾಗೆ ಅದು ಕಷ್ಟವಾಯಿತು. ಆದರೆ ಕೊನೆಯ ಹೆಸರು ಪರದೆಯಿಂದ ಹೋಗುವವರೆಗೂ ಹೆಚ್ಚಿನವರು ಎದ್ದಿರಲಿಲ್ಲ. ಅದು ಅವರಿಗೆ ತುಂಬಾ ಹಿಡಿಸಿತು. ಒಂದು ಮಾತು ಹೇಳುತ್ತೇನೆ: ಒಂದೇ ದಿನ ಎರಡೂ ನೋಡುವುದಾದರೆ ಸಿನಿಮಾ ಮೊದಲು, ನಾಟಕ ಆಮೇಲೆ. ಎದುರಿಗೇ ಉಸಿರಾಡುವ ನಟರನ್ನು ನೋಡಿ ಬಂದ ಮೇಲೆ ಪರದೆ ಸಪ್ಪೆ ಅನ್ನಿಸುತ್ತದೆ.

ಊಟಕ್ಕೆ ಹೋಗಿದ್ದು 'ಬರೋ ಮಾರ್ಕೆಟ್' ಎನ್ನುವ ತಿನಿಸಿನ ಮಾರುಕಟ್ಟೆಗೆ. ಚೀಸ್ ಅಂಗಡಿಯವರು ಚೂರು ಚೂರು ಕೊಟ್ಟು ಯಾವ ಹಾಲು, ಎಷ್ಟು ತಿಂಗಳು ಇಟ್ಟದ್ದು ಅಂತ ಸಮಾಧಾನದಿಂದ ಹೇಳುತ್ತಾರೆ. ಚೀಸ್, ಸ್ಟ್ರಾಬೆರಿ ತಗೊಂಡು ಪಕ್ಕದ ಸದರ್ಕ್ ಕ್ಯಾಥೆಡ್ರಲ್ ಅಂಗಳದಲ್ಲಿ ಕೂತೆವು. ಕಾಕಾ ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹೊರಗೆ ಬಂತು. ಕಡಕ್ ರೊಟ್ಟಿ ಮೇಲೆ ಹಳೆಯ ಚೆಡ್ಡರ್ ಚೀಸ್, ಅದರ ಮೇಲೆ ಹಿಂಡಿ. ನಿಜವಾಗಿ ಚೆನ್ನಾಗಿರುತ್ತದೆ, ಮಾಡಿ ನೋಡಿ.

ಸಂಜೆ ಗ್ಲೋಬ್ ಎನ್ನುವ ನಾಟಕಮಂದಿರ. ಶೇಕ್ಸ್‌ಪಿಯರ್ ಕಾಲದ ಗ್ಲೋಬ್ ಕಟ್ಟಿದ್ದು 1599ರಲ್ಲಿ. 1613ರಲ್ಲಿ ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಚಾವಣಿಗೆ ತಾಗಿ ಸುಟ್ಟುಹೋಯಿತು. ಈಗಿನದು ಆ ಮೂಲ ಜಾಗದ ಸಮೀಪವೇ ಅದೇ ರೀತಿಯಲ್ಲಿ ಕಟ್ಟಿ 1997ರಲ್ಲಿ ತೆರೆದದ್ದು. ಇದರ ಬೆನ್ನು ಹತ್ತಿದವರು ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ. ತೆರೆಯುವ ಮೊದಲೇ, 1993ರಲ್ಲಿ ತೀರಿಕೊಂಡರು. "ತಾ ಕಟ್ಟಸಿದ ಥೇಟರ್‌ದಾಗ ಒಂದ್ ನಾಟಕಾನೂ ನೋಡ್ಲಿಲ್ಲಾ?" ಅಂದ ಕಾಕಾ ಮುಖ ಸಣ್ಣದಾಯಿತು.

ನಡುವಿನ ಬಯಲು ಅಂಗಳದಲ್ಲಿ ಸುಮಾರು 700 ಜನ ನಿಂತು ನೋಡಬಹುದು. ನಿಲ್ಲುವ ಟಿಕೆಟ್ ತುಂಬಾ ಕಡಿಮೆ. ಅಂಗಳದ ಮೇಲೆ ಚಾವಣಿ ಇಲ್ಲ, ಮಳೆ ಬಂದರೂ ಕೊಡೆ ಹಿಡಿಯುವಂತಿಲ್ಲ. ನಾವು ಬೇಗ ಹೋಗಿ ರಂಗದ ಅಂಚಿಗೇ ಮೊಣಕೈ ಊರಿ ನಿಂತೆವು. ಕಾಕಾಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ನಾವು ನೋಡಿದ ಹಾಸ್ಯ ನಾಟಕದ ಆಳು ರಂಗಕ್ಕೆ ಬಂದ ಕೂಡಲೇ "ಇವನೇ ನಮ್ಮ ಹಾಸ್ಯಗಾರ, ಇನ್ನ ಯಜಮಾನಗ ಕೈ ಕೊಡ್ತಾನ" ಅಂದರು. ಹಾಗೇ ಆಯಿತು.

ಇಲ್ಲಿ ನಟರ ಮೇಲೆ ಮಾತ್ರ ಬೆಳಕು ಬಿಟ್ಟು ನಮ್ಮನ್ನು ಕತ್ತಲಲ್ಲಿ ಕೂರಿಸುವುದಿಲ್ಲ. ಎಲ್ಲರ ಮೇಲೂ ಒಂದೇ ಬೆಳಕು. ನಟ ನಿಮ್ಮ ಕಣ್ಣು ನೋಡಿಯೇ ಮಾತಾಡುತ್ತಾನೆ, ಜನರ ನಡುವೆಯೇ ದಾರಿ ಮಾಡಿಕೊಂಡು ಬರುತ್ತಾನೆ. "ಇವ್ರು ನಮ್ನೇ ನೋಡ್ಲಾಕತ್ತಾರ" ಅಂತ ಕಾಕಾ ನನ್ನ ತೋಳು ಹಿಡಿದರು. ಕೊನೆಗೆ ಎಲ್ಲ ನಟರೂ ಸೇರಿ ಕುಣಿಯುತ್ತಾರೆ, ಅದು ಇಲ್ಲಿನ ಪದ್ಧತಿ. ಆಗ ಕಾಕಾ ಜೋರಾಗಿ "ಒನ್ಸ್ ಮೋರ್!" ಅಂದರು. ನಮ್ಮ ಟೆಂಟುಗಳಲ್ಲಿ ಹಾಡು ಚೆನ್ನಾಗಿದ್ದರೆ ಜನ ಕೂಗುವುದೇ ಹಾಗೆ ಅಲ್ವಾ? ಅಕ್ಕಪಕ್ಕದವರೂ ಸೇರಿಕೊಂಡರು.

ರೈಲಿನಲ್ಲಿ ಕಾಕಾ ಹಳೆ ಕಂಪನಿಗಳ ಕಥೆ ಹೇಳುತ್ತಲೇ ಇದ್ದರು. ನನಗೆ ಬೇರೆಯೇ ಯೋಚನೆ. ಇಂಥ ದಿನ ಕಲಬುರಗಿಯಲ್ಲೂ ಆಗುತ್ತದೆ. ರಂಗಾಯಣ ಇದೆ, ಪಂಡಿತ್ ರಂಗಮಂದಿರ ಇದೆ, ಜಾತ್ರೆ ಇದೆ. ನಾನು ಊರಲ್ಲಿದ್ದಾಗ ಮದುವೆ, ಸೀಮಂತ, ಬ್ಯಾಂಕಿನ ಕೆಲಸ ಅಂತಲೇ ರಜೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಬರುತ್ತಿದ್ದೇನೆ. ಒಂದು ಭಾನುವಾರ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಸುಸಲಾ ಮಿರ್ಚಿ, ಮಧ್ಯಾಹ್ನ ಮ್ಯಾಟ್ನಿ, ಸಂಜೆ ನಾಟಕ. ಕಾಕಾ ಆಗಲೇ ಹೂಂ ಅಂದಿದ್ದಾರೆ. ನೀವು ಯಾರ್ಯಾರು ಬರುತ್ತೀರಿ ಹೇಳಿ, ಟಿಕೆಟ್ ಒಟ್ಟಿಗೇ ತೆಗೆಸೋಣ.