ಹಿಮ ಬಿದ್ದಾಗ ನಿಮ್ಮ ರೈಲು ಏನು ಮಾಡುತ್ತದೆ? ಓಡುತ್ತದೆ

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ತೋಟದಲ್ಲಿ ಹಾಕಿರುವ ಪುಟ್ಟ ರೈಲುಹಳಿಯ ಮೇಲೆ ಮೊಣಕಾಲುದ್ದ ಹಿಮ ಬಿದ್ದರೆ ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ಆದರೆ ಇಷ್ಟು ನೇರವಾಗಿ ಯಾರೂ ಕೇಳುವುದಿಲ್ಲ. "ಪಾಪ, ಚಳಿಗಾಲ ಬಂದ್ರೆ ಎಲ್ಲಾ ಕಿತ್ತು ಒಳಗಿಡಬೇಕಲ್ವಾ?" ಎನ್ನುತ್ತಾರೆ. ಉತ್ತರವನ್ನು ಅವರೇ ತೀರ್ಮಾನ ಮಾಡಿಕೊಂಡು, ನನ್ನಿಂದ ಹೂಂ ಅನ್ನಿಸಿಕೊಳ್ಳಲು ಬಂದಿರುತ್ತಾರೆ.

ಕೀಳುವುದಿಲ್ಲ. ಹಳಿ ಅಲ್ಲೇ ಇರುತ್ತದೆ. ಹೊರಗೇ ಇರಲಿ ಎಂದು ಮಾಡಿದ ಹಳಿ ಅದು. 45 ಮಿ.ಮೀ. ಗೇಜಿನ ರೈಲನ್ನು ತೋಟಗಳಿಗೆ ತಂದು ಜನಪ್ರಿಯ ಮಾಡಿದ್ದು ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ, 1968ರಲ್ಲಿ, ಎಲ್‌ಜಿಬಿ ಎಂಬ ಹೆಸರಿನಲ್ಲಿ. ಹಿತ್ತಾಳೆಯ ಹಳಿ, ಅದರಡಿಗೆ ಬಿಸಿಲು ಮಳೆ ತಡೆಯುವ ಪ್ಲಾಸ್ಟಿಕ್ ಅಡ್ಡಪಟ್ಟಿ, ಅಂದರೆ ಸ್ಲೀಪರ್. ಕಿತ್ತು ಒಳಗಿಟ್ಟು ಮತ್ತೆ ಜೋಡಿಸುವುದರಲ್ಲಿ ಆಗುವ ಹಾನಿಯ ಅರ್ಧದಷ್ಟನ್ನೂ ಹಿಮ ಮಾಡುವುದಿಲ್ಲ. ಒಳಗೆ ಬರುವುದು ಎಂಜಿನ್ನು, ಬೋಗಿಗಳು, ವಿದ್ಯುತ್ತಿನ ಕಂಟ್ರೋಲರ್. ಅವು ಬೇಸಿಗೆಯಲ್ಲೂ ರಾತ್ರಿ ಒಳಗೇ ಇರುತ್ತವೆ.

ಇನ್ನು ಹಿಮದ ಮಾತು. ಒಣ ಹಿಮವೇ ಬೇರೆ, ಒದ್ದೆ ಹಿಮವೇ ಬೇರೆ. ಈಗಷ್ಟೇ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕೆ.ಜಿ. ತೂಗುತ್ತದೆ. ಒದ್ದೆಯಾಗಿ ಅಮರಿ ಕೂತದ್ದು 300 ಕೆ.ಜಿ. ದಾಟಬಹುದು. ಮೂರ್ನಾಲ್ಕು ಕೆ.ಜಿ. ತೂಕದ ಎಂಜಿನ್ನು ಮೊದಲನೆಯದನ್ನು ಖುಷಿಯಿಂದ ತಳ್ಳುತ್ತದೆ, ಎರಡನೆಯದರ ಮುಂದೆ ಚಕ್ರ ಜಾರಿಸಿಕೊಂಡು ನಿಲ್ಲುತ್ತದೆ. 1:22.5 ಅಳತೆಯ ಮಾದರಿಗೆ 30 ಸೆಂ.ಮೀ. ಹಿಮವೆಂದರೆ ನಿಜವಾದ ರೈಲಿಗೆ ಸುಮಾರು ಏಳು ಮೀಟರ್ ಹಿಮ ಇದ್ದಂತೆ. ಅದೂ ಸಾಲದೆಂಬಂತೆ, ಅಳತೆ ಇಳಿಸಿದಾಗ ಎಂಜಿನ್ನಿನ ತೂಕ ಸಾವಿರಾರು ಪಟ್ಟು ಕುಗ್ಗುತ್ತದೆ, ಹಿಮದ ಹರಳು ಮಾತ್ರ ಇದ್ದಷ್ಟೇ ಇರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳದೆ "ದೊಡ್ಡ ರೈಲು ಓಡುತ್ತಲ್ಲ, ಇದ್ಯಾಕೆ ನಿಂತಿತು?" ಎಂದು ನಗುವವರನ್ನು ಕಂಡರೆ ನನಗೆ ರೇಗುತ್ತದೆ.

ಹಾಗಾದರೆ ಓಡಿಸುವುದು ಹೇಗೆ? ಹಿಮ ನಿಲ್ಲಲಿ ಎಂದು ಕಾಯಬಾರದು, ಸುರಿಯುತ್ತಿರುವಾಗಲೇ ಓಡಿಸಬೇಕು. ಎಂಜಿನ್ನಿನ ಮುಂದೆ ಬೆಣೆಯಾಕಾರದ ತಗಡು ಕಟ್ಟಿದ, ಹೊಟ್ಟೆಯಲ್ಲಿ ಸೀಸದ ತೂಕ ತುಂಬಿದ ಒಂದು ಗಾಡಿ. ತಗಡಿನ ಅಂಚು ಹಳಿಗಿಂತ ಎರಡು ಮೂರು ಮಿ.ಮೀ. ಮೇಲಿರಬೇಕು. ಇನ್ನೂ ಕೆಳಗಿಳಿದರೆ ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಸಿಕ್ಕಿಕೊಂಡು ಗಾಡಿ ಪಲ್ಟಿ. ತೂಕ ಕಡಿಮೆಯಾದರೆ ಹಿಮದ ಮೇಲೆ ಹತ್ತಿ ಹಳಿ ತಪ್ಪುತ್ತದೆ. ಒಣ ಹಿಮ ಐದಾರು ಸೆಂ.ಮೀ. ಇರುವವರೆಗೆ ಇದು ಸಲೀಸು. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಮೆದು ಪೊರಕೆ, ಆಮೇಲೆ ಗಾಡಿ.

ತಳ್ಳಿದ ಹಿಮ ಹಳಿಯ ಪಕ್ಕದಲ್ಲೇ ದಿಬ್ಬವಾಗಿ ನಿಂತಿರುತ್ತದೆ. ಅದನ್ನು ಆಗಲೇ ಪೊರಕೆಯಲ್ಲಿ ದೂರ ಸರಿಸಿ. ಒಮ್ಮೆ ಕದಡಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತವೆ. ನಾಳೆ ನೋಡೋಣ ಎಂದರೆ ನಾಳೆ ಅಲ್ಲಿ ಗೋಡೆ ಇರುತ್ತದೆ, ಹೊಸದಾಗಿ ಬಿದ್ದ ಹಿಮವನ್ನು ತಳ್ಳಲು ಜಾಗವೇ ಇರುವುದಿಲ್ಲ. ದೊಡ್ಡ ರೈಲುಗಳೂ ಇದೇ ಗೋಡೆಗೆ ತಲೆ ಬಡಿದುಕೊಂಡಿದ್ದವು. ಅದಕ್ಕೇ 1869ರಲ್ಲಿ ಟೊರಾಂಟೊದ ದಂತವೈದ್ಯ ಜೆ. ಡಬ್ಲ್ಯು. ಎಲಿಯಟ್ ಹಿಮವನ್ನು ಕೊರೆದು ದೂರ ಎಸೆಯುವ ತಿರುಗುಚಕ್ರದ ಯಂತ್ರವನ್ನು ಕಲ್ಪಿಸಿದ, ಆರೆಂಜ್ ಜಲ್ ಎಂಬಾತ ಮುಂದೆ ಅದನ್ನು ಸುಧಾರಿಸಿದ. ಸ್ವಿಟ್ಜರ್ಲೆಂಡಿನ ಬರ್ನಿನಾ ಮಾರ್ಗಕ್ಕೆ 1910ರಲ್ಲಿ ಕಟ್ಟಿದ ಅಂಥದ್ದೊಂದು ಉಗಿಯಂತ್ರ ನೂರು ವರ್ಷ ದಾಟಿದ ಮೇಲೂ ಪ್ರದರ್ಶನಕ್ಕೆ ಹಿಮ ಎಸೆದದ್ದುಂಟು. ನನಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ಪುಟ್ಟ ಮಾದರಿಗೆ ಅಂಥ ಚಕ್ರ ಬೇಡವೆನ್ನುತ್ತೇನೆ. ಒದ್ದೆ ಹಿಮ ಆ ಸಣ್ಣ ಅಲಗುಗಳಿಗೆ ಮೆತ್ತಿಕೊಂಡು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ.

ಹಳಿಯಿಂದಲೇ ವಿದ್ಯುತ್ ತೆಗೆದುಕೊಳ್ಳುವ ಎಂಜಿನ್ನಿಗೆ ಹಿಮಕ್ಕಿಂತ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ ಕೆಟ್ಟದ್ದು. ಚಕ್ರಕ್ಕೂ ಹಿತ್ತಾಳೆಗೂ ನಡುವೆ ಅದು ಸೇರಿಕೊಂಡರೆ ಸಂಪರ್ಕ ಕಡಿದಂತೆ. ಚಳಿಗಾಲಕ್ಕೆ ಬ್ಯಾಟರಿ ಎಂಜಿನ್ನೇ ವಾಸಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಒಳಗೆ ತಂದು ಬೆಚ್ಚಗಾದ ಮೇಲೆ ಮಾಡಿ. ನಿಜವಾದ ಉಗಿಯ ಎಂಜಿನ್ ಇಟ್ಟುಕೊಂಡವರ ಕಷ್ಟ ಬೇರೆ: ನೀರು ಕಾಯಿಸಲು ಉರಿಸುವ ಬ್ಯುಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ, ಅದಕ್ಕಿಂತ ಚಳಿಯಾದರೆ ಅನಿಲ ಟ್ಯಾಂಕಿನಿಂದ ಏಳುವುದೇ ಇಲ್ಲ. ಓಟ ಮುಗಿದೊಡನೆ ಬಾಯ್ಲರಿನ ನೀರನ್ನು ಪೂರ್ತಿ ಬಸಿಯಬೇಕು.

ಉಪ್ಪು ಹಾಕಬಾರದೇ ಎಂದು ಕೇಳುತ್ತಾರೆ. ಹಾಕಬಾರದು. ಲೋಹ ತಿನ್ನುತ್ತದೆ, ಗಿಡ ಸಾಯುತ್ತದೆ, ಉಪ್ಪುನೀರಿನಲ್ಲಿ ಒಂದು ಹಳಿಯಿಂದ ಇನ್ನೊಂದಕ್ಕೆ ವಿದ್ಯುತ್ ಸೋರುತ್ತದೆ. ಬಿಸಿನೀರು? ಅದರದ್ದೊಂದು ಕತೆಯೇ ಇದೆ.

ಒಮ್ಮೆ ಮನೆಗೆ ಬಂದಿದ್ದ ಹಿರಿಯರೊಬ್ಬರು, ನಾನು ಒಳಗೆ ಎಂಜಿನ್ ಸಿದ್ಧ ಮಾಡುತ್ತಿರುವಾಗ, ಕೆಟಲಿನ ತುಂಬ ಕುದಿನೀರು ತಂದು ಪಾಯಿಂಟಿನ ಮೇಲೆ ಸುರಿದರು. ಕ್ಷಣದಲ್ಲಿ ಹಿಮ ಮಾಯ, ಹಳಿ ಫಳಫಳ. "ನೋಡಿ, ಎಷ್ಟು ಸುಲಭ! ಜಪಾನಿನಲ್ಲಿ ಬುಲೆಟ್ ಟ್ರೇನಿಗೂ ಹೀಗೇ ಮಾಡ್ತಾರೆ" ಎಂದರು. ನಾವು ಒಳಗೆ ಹೋಗಿ ಏನೋ ಕುಡಿದು ಬರುವಷ್ಟರಲ್ಲಿ ಆ ನೀರು ಪಾಯಿಂಟಿನ ಸರಿದಾಡುವ ಅಲಗಿಗೂ ಪಕ್ಕದ ಹಳಿಗೂ ನಡುವೆ ಹೆಪ್ಪುಗಟ್ಟಿ ಎರಡನ್ನೂ ಒಂದೇ ಮಾಡಿತ್ತು. ಅಡಿಯ ಜಲ್ಲಿಯೂ ಕಲ್ಲಾಗಿತ್ತು. "ಮಾರನೇ ಸಲ ಇನ್ನೂ ಬಿಸಿ ಮಾಡಿ ತರ್ತೀನಿ" ಎಂದರು, ನಿಜವಾದ ಕಾಳಜಿಯಿಂದ. ಹಿರಿಯರು, ಏನೂ ಅನ್ನಲಾಗಲಿಲ್ಲ. ಇಲ್ಲಿ ಅನ್ನುತ್ತೇನೆ. 1982ರಲ್ಲಿ ಶುರುವಾದ ಜೋಏತ್ಸು ಶಿಂಕಾನ್‌ಸೆನ್ ಮಾರ್ಗದಲ್ಲಿ ಬೆಚ್ಚಗಿನ ನೀರು ಚಿಮ್ಮಿಸುವುದು ನಿಜ. ಅಲ್ಲಿ ಹಳಿ ಕಾಂಕ್ರೀಟಿನ ಮೇಲಿದೆ. ನೀರು ಕಾಲುವೆಯಲ್ಲಿ ಹರಿದು, ಸಂಗ್ರಹವಾಗಿ, ಮತ್ತೆ ಕಾದು ಬರುತ್ತದೆ. ನಿಲ್ಲುವುದಿಲ್ಲ. ನಿಂತ ನೀರೇ ಸಮಸ್ಯೆ, ಅದು ಕುದಿಯುತ್ತಾ ಬಂದಿತ್ತೇ ತಣ್ಣಗೆ ಬಂದಿತ್ತೇ ಎಂಬುದು ರಾತ್ರಿಯ ಚಳಿಗೆ ಬೇಕಿಲ್ಲ. ಪಾಯಿಂಟಿಗೆ ಬೇಕಾದದ್ದು ಒಣ ಬ್ರಷ್, ತೀರಾ ಹಿಡಿದುಕೊಂಡಿದ್ದರೆ ಕರಗಿದ್ದು ಒಣಗಿ ಹೋಗುವವರೆಗೂ ಬಿಸಿಗಾಳಿ.

ಯಾರಾದರೂ ಒಬ್ಬರು "ಹಿಮ ಕರಗಿದ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದ್ದರೆ ಅವರನ್ನು ಕೂರಿಸಿಕೊಂಡು ಸಂಜೆಯವರೆಗೆ ಮಾತಾಡುತ್ತಿದ್ದೆ. ಹಿಮ ಹಳಿಯ ಮೇಲೆ ತಿಂಗಳು ಕೂತರೂ ಏನೂ ಆಗುವುದಿಲ್ಲ. ಅದು ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಗುಡಿಸಿ ಬರಿದು ಮಾಡಿದ ಹಳಿಯ ಕೆಳಗೇ ಚಳಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಓಡಿಸುವ ಆಸೆಗೆ ನಾನು ತೆರುವ ಬೆಲೆ ಇದು, ತಿಳಿದೇ ತೆರುತ್ತೇನೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನುಣುಪು ಮಣ್ಣು ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲೆಳೆದು ಪದರ ಪದರವಾಗಿ ಮಂಜುಗಡ್ಡೆ ಕಟ್ಟುತ್ತಾ ಹೋಗುತ್ತದೆ. ಹಳಿಯನ್ನು ಎತ್ತುವುದು ಅದು. ಎಲ್ಲ ಕಡೆ ಸಮನಾಗಿ ಎತ್ತುವುದೂ ಇಲ್ಲ, ಒಂದು ಕಡೆ ಬೆರಳಷ್ಟು, ಪಕ್ಕದಲ್ಲಿ ಏನೂ ಇಲ್ಲ.

ಇದಕ್ಕೆ ಪರಿಹಾರ ಬೇಸಿಗೆಯಲ್ಲಿದೆ. ಹಳಿಯ ಹಾದಿಯ ಮಣ್ಣನ್ನು ಗೇಣುದ್ದ ಅಗೆದು ಒಡೆದ ಜಲ್ಲಿ ತುಂಬಬೇಕು, ಮೇಲೆ ಮೂಲೆಯುಳ್ಳ ಸಣ್ಣ ಕಲ್ಲುಪುಡಿ. ಉರುಟು ಹೊಳೆಗಲ್ಲು ಬೇಡ, ಅದು ಒಂದನ್ನೊಂದು ಕಚ್ಚಿ ಹಿಡಿಯುವುದಿಲ್ಲ. ಧೂಳೂ ಬೇಡ, ತೇವ ಹಿಡಿದಿಡುವುದು ಧೂಳೇ. ನೀರು ಹೊರಬೀಳಲು ಒಂದು ಕಡೆ ಇಳಿಜಾರು ಬೇಕು. ಹಳಿಯನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿಹಾಕಬಾರದು: ಹತ್ತು ಮೀಟರ್ ಹಿತ್ತಾಳೆ ಹಳಿ 40 ಡಿಗ್ರಿ ಬಿಸಿಲಿನಿಂದ ಮೈನಸ್ 10ರ ಚಳಿಗೆ ಇಳಿದರೆ 9 ಮಿ.ಮೀ.ಗೂ ಹೆಚ್ಚು ಕುಗ್ಗುತ್ತದೆ, ಅಷ್ಟು ಸರಿದಾಡಲು ಅದಕ್ಕೆ ಬಿಡುವು ಬೇಕು. ಎಲೆ ಉದುರಿದ ಮೇಲೆ ಪಾಯಿಂಟುಗಳ ಸಂದು ಗುಡಿಸಿಡಿ, ಕೊಳೆತ ಎಲೆಯೂ ನೀರು ಹಿಡಿಯುತ್ತದೆ.

ಇಷ್ಟು ಮಾಡಿಟ್ಟವರಿಗೆ ಹಿಮ ಕರಗಿದ ಮೇಲೆ ಉಳಿಯುವುದು ಅರ್ಧ ದಿನದ ಕೆಲಸ. ನೆಲ ಆಳದವರೆಗೂ ಸಡಿಲಾಗಲು ಬಿಟ್ಟು, ರಸಮಟ್ಟ ಹಿಡಿದು ಹಳಿಯುದ್ದಕ್ಕೂ ಹೋಗಿ, ಎದ್ದಿರುವ ಕಡೆ ಅದುಮದೆ, ತಗ್ಗಿರುವ ಕಡೆ ಸ್ಲೀಪರಿನಡಿಗೆ ಕಲ್ಲುಪುಡಿ ತುಂಬುತ್ತಾ ಬನ್ನಿ. ಎದ್ದ ಭಾಗ ತಾನಾಗಿ ಇಳಿಯಲು ಇನ್ನೂ ವಾರಗಳು ಬೇಕಾಗಬಹುದು. ಅಲ್ಲಿಯವರೆಗೆ ಆ ಜಾಗದಲ್ಲಿ ನಿಧಾನವಾಗಿ ಓಡಿಸಿ.